ವಿದೇಶಕ್ಕೆ ಹೊರಟ ನಮ್ಮ ಟೀಚರುಗಳ ಕಾಗದ ಯಾರು ಓದುತ್ತಾರೆ?

ಕರ್ನಾಟಕ ಸರ್ಕಾರದ ಕೌಶಲ್ಯಾಭಿವೃದ್ಧಿ ಇಲಾಖೆ, ಶಾಲಾ ಶಿಕ್ಷಣ ಇಲಾಖೆ ಮತ್ತು ಅನಿವಾಸಿ ಭಾರತೀಯ ಸಮಿತಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಮಂಗಳೂರು, ಬೆಂಗಳೂರು, ಕೊಚ್ಚಿಯ ಹೋಟೆಲುಗಳಲ್ಲಿ ಟೀಚರುಗಳ ಸಂದರ್ಶನ ನಡೆಯುತ್ತದೆ. ಕೊಲ್ಲಿ ದೇಶಗಳಲ್ಲಿರುವ ಭಾರತೀಯ ಪಠ್ಯಕ್ರಮದ ಶಾಲೆಗಳಿಗೆ ಏಪ್ರಿಲ್‌ನಲ್ಲಿ ಹೊಸ ವರ್ಷ. ಅಷ್ಟರೊಳಗೆ ಅವರಿಗೆ ಜನ ಬೇಕು. ಗಣಿತ, ವಿಜ್ಞಾನ, ಇಂಗ್ಲಿಷ್ ಕಲಿಸುವವರು ಬಿ.ಎಡ್. ಸರ್ಟಿಫಿಕೇಟಿನ ಫೈಲು ಹಿಡಿದು ಸಾಲಾಗಿ ಕೂತಿರುತ್ತಾರೆ. ಹತ್ತು ನಿಮಿಷದ ಡೆಮೊ ಪಾಠ, ನಾಲ್ಕು ಪ್ರಶ್ನೆ, ಸಂಜೆಗೆ ಫೋನು. ಅಲ್ಲಿಂದ ವಿಮಾನ ಹತ್ತುವ ತನಕ ಅವರ ಕೈಗೆ ಬಂದ ಕಾಗದಗಳನ್ನು ನಮ್ಮ ಸರ್ಕಾರದ ಕಡೆಯಿಂದ ಒಬ್ಬರೂ ಓದುವುದಿಲ್ಲ. ಈ ಪತ್ರ ಬರೆಯುತ್ತಿರುವುದು ಆ ಒಂದು ವಿಷಯಕ್ಕಾಗಿ.

ನಾನು ಕೊಲ್ಲಿಯ ಶಾಲೆಗಳಲ್ಲಿ ಬಹಳ ವರ್ಷ ಪಾಠ ಮಾಡಿ ಊರಿಗೆ ಮರಳಿದವಳು. ಒಳ್ಳೆಯ ಶಾಲೆಯನ್ನೂ ನೋಡಿದ್ದೇನೆ, ಕೆಟ್ಟದ್ದನ್ನೂ ನೋಡಿದ್ದೇನೆ. ಈಗ ಸುತ್ತಮುತ್ತಲಿನ ಹುಡುಗಿಯರು ಹೊರಡುವ ಮೊದಲು ಆಫರ್ ಲೆಟರ್ ತಂದು, "ಟೀಚರೇ, ಇದು ಸರಿ ಉಂಟಾ ಒಮ್ಮೆ ನೋಡಿ" ಅನ್ನುತ್ತಾರೆ. ನನಗೆ ತಿಳಿದಷ್ಟು ನೋಡುತ್ತೇನೆ. ಆದರೆ ಇದು ಒಬ್ಬ ನಿವೃತ್ತ ಟೀಚರ್ ತನ್ನ ಮನೆ ಜಗಲಿಯಲ್ಲಿ ಕೂತು ಮಾಡುವ ಕೆಲಸವಲ್ಲ. ನನ್ನ ಹತ್ತಿರ ಬರದೇ ಹೋಗುವವರೇ ಜಾಸ್ತಿ ಅಲ್ವಾ?

ವಿದೇಶದಲ್ಲಿ ಪಾಠ ಮಾಡಲು ಹೋಗಬಾರದು ಅಂತ ನಾನು ಹೇಳುತ್ತಿಲ್ಲ. ಮಸ್ಕತ್, ರಿಯಾದ್, ಜಿದ್ದಾದಲ್ಲಿ ರಾಯಭಾರ ಕಚೇರಿಯ ನಿಗಾ ಇರುವ ದೊಡ್ಡ ಭಾರತೀಯ ಶಾಲೆಗಳಿವೆ. ದುಬೈಯಲ್ಲಿ ಟೀಚರುಗಳನ್ನು ಮರ್ಯಾದೆಯಿಂದ ನಡೆಸಿಕೊಳ್ಳುವ ಖಾಸಗಿ ಶಾಲೆಗಳಿವೆ. ಅಲ್ಲಿ ದುಡಿದು ಮನೆ ಕಟ್ಟಿದವರು, ತಂಗಿಯರ ಮದುವೆ ಮಾಡಿದವರು, ಅಪ್ಪನ ಸಾಲ ತೀರಿಸಿದವರು ನಮ್ಮ ಕರಾವಳಿಯ ಯಾವ ಊರಿಗೆ ಹೋದರೂ ಸಿಗುತ್ತಾರೆ. ಇಲ್ಲಿ ಉಳಿದರೆ ಏನಿದೆ ಎನ್ನುವುದೂ ನಿಮಗೆ ಗೊತ್ತು. ಸರ್ಕಾರಿ ಶಾಲೆಯ ಅತಿಥಿ ಶಿಕ್ಷಕರಿಗೆ ತಿಂಗಳಿಗೆ ಹನ್ನೆರಡು ಸಾವಿರದ ಆಸುಪಾಸು ಗೌರವಧನ. ಹಳ್ಳಿಯ ಖಾಸಗಿ ಶಾಲೆಗಳಲ್ಲಿ ಅದಕ್ಕಿಂತಲೂ ಕಡಿಮೆಗೆ ದುಡಿಯುವವರಿದ್ದಾರೆ. ಇಂಥವರಿಗೆ ಯಾರಾದರೂ ಅರವತ್ತು ಸಾವಿರ ಅಂದರೆ ಹೋಗಬೇಡ ಅನ್ನಲು ನಮಗೆ ಬಾಯಿ ಎಲ್ಲಿದೆ? ಹೋಗಲಿ. ಆದರೆ ಎಲ್ಲಿಗೆ, ಯಾರ ಕೈಕೆಳಗೆ, ಯಾವ ಷರತ್ತಿಗೆ ಹೋಗುತ್ತಿದ್ದೇವೆ ಎಂದು ತಿಳಿದುಕೊಂಡು ಹೋಗಲಿ.

ನಮ್ಮ ಕಾನೂನಿನಲ್ಲಿ ಒಂದು ವಿಚಿತ್ರವಿದೆ. 1983ರ ವಲಸೆ ಕಾಯ್ದೆಯ ಪ್ರಕಾರ, ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್, ಅಂದರೆ ವಲಸೆ ಅನುಮತಿ ಬೇಕಾದ ವರ್ಗಕ್ಕೆ ಸೇರುತ್ತದೆ. ಅಂಥವರು ಕೊಲ್ಲಿ ದೇಶಗಳೂ ಸೇರಿದಂತೆ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ವಲಸಿಗರ ಸಂರಕ್ಷಣಾಧಿಕಾರಿಯ ಅನುಮತಿ ಬೇಕು. ಬೆಂಗಳೂರಿನಲ್ಲೂ ಆ ಕಚೇರಿ ಇದೆ. ಕೆಲಸ ಕೊಡುವವರು ಯಾರು, ಒಪ್ಪಂದದಲ್ಲಿ ಸಂಬಳ ಎಷ್ಟಿದೆ, ವಿಮೆ ಮಾಡಿಸಿದ್ದಾರಾ ಎಂದು ಅಲ್ಲಿ ನೋಡುತ್ತಾರೆ. ಪ್ರವಾಸಿ ಭಾರತೀಯ ಬಿಮಾ ಯೋಜನೆಯಲ್ಲಿ ಎರಡು ವರ್ಷಕ್ಕೆ 275 ರೂಪಾಯಿ ಕಟ್ಟಿದರೆ 10 ಲಕ್ಷದ ರಕ್ಷಣೆ ಸಿಗುತ್ತದೆ. ಇಸಿಆರ್‌ನವರಿಗೆ ಅದು ಕಡ್ಡಾಯ. ಹೊರಡುವ ಮೊದಲು ಒಂದು ದಿನದ ತಿಳುವಳಿಕೆ ತರಬೇತಿಯೂ ಇದೆ. ಇದೆಲ್ಲ ಒಳ್ಳೆಯ ವ್ಯವಸ್ಥೆ. ಅದರಲ್ಲೂ ಲೋಪಗಳಿವೆ, ಆದರೆ ಇದೆ.

ಟೀಚರ್ ಮಾತ್ರ ಈ ಬಾಗಿಲಿನ ಹೊರಗೆ. ಅವರು ಎಸ್ಸೆಸ್ಸೆಲ್ಸಿ ಪಾಸು, ಪದವಿ ಪಾಸು, ಬಿ.ಎಡ್. ಪಾಸು. ಅವರ ಪಾಸ್‌ಪೋರ್ಟ್ ಇಸಿಎನ್‌ಆರ್, ಅಂದರೆ ಆ ಅನುಮತಿ ಬೇಕಿಲ್ಲದ್ದು. ಓದಿದವರು ತಮ್ಮನ್ನು ತಾವು ನೋಡಿಕೊಳ್ಳುತ್ತಾರೆ ಎಂಬುದು ಕಾನೂನಿನ ನಂಬಿಕೆ. ಚೆನ್ನಾಗಿ ಗಣಿತ ಕಲಿಸುವವರಿಗೆ ಅರಬ್ ದೇಶದ ಕಾರ್ಮಿಕ ಒಪ್ಪಂದ ಅರ್ಥವಾಗುತ್ತದೆ ಎಂದು ಯಾರು ಹೇಳಿದ್ದು? ಕಟ್ಟಡ ಕೆಲಸಕ್ಕೆ ಹೋಗುವ ತಮ್ಮನ ಕಾಗದವನ್ನು ಸರ್ಕಾರ ಓದುತ್ತದೆ. ಪಾಠ ಮಾಡಲು ಹೋಗುವ ಅಕ್ಕನ ಕಾಗದವನ್ನು ಏಜೆಂಟ್ ಒಬ್ಬನೇ ಓದಿರುತ್ತಾನೆ.

ಇದನ್ನು ಸರಿ ಮಾಡಲು ಆಗುವುದೇ ಇಲ್ಲ ಎಂದೇನಿಲ್ಲ. ನರ್ಸುಗಳ ವಿಷಯದಲ್ಲಿ ಮಾಡಿದ್ದೇವೆ. ಕುವೈತಿನ ನರ್ಸ್ ಕೆಲಸಕ್ಕೆ ಒಬ್ಬೊಬ್ಬರಿಂದ ಇಪ್ಪತ್ತು ಲಕ್ಷದವರೆಗೆ ವಸೂಲಿ ಮಾಡಿದ ಆರೋಪ ಕೇರಳದಲ್ಲಿ ದೊಡ್ಡ ಗದ್ದಲವಾಗಿತ್ತು. ನರ್ಸುಗಳ ಪಾಸ್‌ಪೋರ್ಟ್ ಇಸಿಎನ್‌ಆರ್ ಆಗಿದ್ದರೂ ಆ 18 ದೇಶಗಳಿಗೆ ಹೋಗಲು ಅನುಮತಿ ಕಡ್ಡಾಯ ಎಂದು ಕೇಂದ್ರ ಸರ್ಕಾರ 2015ರಲ್ಲಿ ಆದೇಶ ಮಾಡಿತು. ನೇಮಕಾತಿಯನ್ನು ಕೇರಳದ ನೋರ್ಕಾ ರೂಟ್ಸ್, ಒಡೆಪೆಕ್‌ನಂಥ ಸರ್ಕಾರಿ ಸಂಸ್ಥೆಗಳ ಕೈಗೆ ಕೊಟ್ಟಿತು. ನರ್ಸ್ ಕೂಡ ಓದಿದವಳೇ. ಓದಿದ್ದರೂ ಮೋಸ ಹೋಗಬಹುದು ಎಂದು ಸರ್ಕಾರ ಒಪ್ಪಿಕೊಂಡಿತು. ಟೀಚರಿಗೆ ಆ ನ್ಯಾಯ ಯಾಕೆ ಇಲ್ಲ?

ಇನ್ನೊಂದು ಪ್ರಯತ್ನವೂ ಆಗಿತ್ತು. ಇಸಿಎನ್‌ಆರ್ ಪಾಸ್‌ಪೋರ್ಟಿನವರೂ ಆ 18 ದೇಶಗಳಿಗೆ ಕೆಲಸಕ್ಕೆ ಹೋಗುವ ಕನಿಷ್ಠ 24 ಗಂಟೆ ಮೊದಲು ಕೇಂದ್ರ ಸರ್ಕಾರದ ವಲಸೆ ಜಾಲತಾಣ ಇ-ಮೈಗ್ರೇಟ್‌ನಲ್ಲಿ ಹೆಸರು ನೋಂದಾಯಿಸಬೇಕು, 2019ರ ಜನವರಿ 1ರಿಂದ ಇದು ಕಡ್ಡಾಯ ಎಂದು 2018ರ ನವೆಂಬರ್‌ನಲ್ಲಿ ವಿದೇಶಾಂಗ ಸಚಿವಾಲಯ ಪ್ರಕಟಿಸಿತು. ನೋಂದಾಯಿಸದವರನ್ನು ವಿಮಾನದಿಂದ ಇಳಿಸುತ್ತೇವೆ ಎಂದಿದ್ದರಿಂದ ಜನ ಗಾಬರಿಯಾದರು. ಅದೇ ತಿಂಗಳ ಕೊನೆಗೆ ಆದೇಶವನ್ನು ತಡೆಹಿಡಿದರು. ನೋಂದಣಿ ಈಗ ಇಷ್ಟವಿದ್ದವರಿಗೆ ಮಾತ್ರ. ಆ ಗಾಬರಿಗೆ ಕಾರಣವಿತ್ತು, ಒಪ್ಪುತ್ತೇನೆ. ವಿಮಾನ ನಿಲ್ದಾಣದಲ್ಲಿ ಬಡವರನ್ನು ಕಾಡಿಸುವುದು ರಕ್ಷಣೆಯಲ್ಲ. ಆದರೆ ಆ ಆದೇಶದ ಜೊತೆಗೆ ಅದರ ಹಿಂದಿನ ಒಳ್ಳೆಯ ವಿಚಾರವನ್ನೂ ಮೂಲೆಗೆ ಹಾಕಿಬಿಟ್ಟೆವು.

ಕೆಟ್ಟ ಶಾಲೆ ಹೇಗೆ ನಡೆಯುತ್ತದೆ ಎನ್ನುವುದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಕಚೇರಿಯಲ್ಲಿ ಕೂತವರಿಗೆ ಇದು ಗೊತ್ತಿರಬೇಕು. ಹೊರಡಲು ತಯಾರಾಗಿರುವ ಟೀಚರುಗಳಿಗೂ ಗೊತ್ತಿರಬೇಕು.

ಶುರುವಾಗುವುದು ವೀಸಾದಿಂದ. "ಮೊದಲು ವಿಸಿಟ್ ವೀಸಾದಲ್ಲಿ ಬನ್ನಿ ಮೇಡಂ, ಬಂದ ತಿಂಗಳೊಳಗೆ ಎಂಪ್ಲಾಯ್‌ಮೆಂಟ್ ವೀಸಾ ಮಾಡಿಸುತ್ತೇವೆ" ಅನ್ನುತ್ತಾರೆ. ಹೋದ ಮೇಲೆ ಒಂದು ತಿಂಗಳು ಎರಡಾಗುತ್ತದೆ. ವಿಸಿಟ್ ವೀಸಾದಲ್ಲಿ ಪಾಠ ಮಾಡುವುದು ಅಲ್ಲಿನ ಕಾನೂನಿಗೆ ವಿರುದ್ಧ. ಯುಎಇಯಲ್ಲಿ ಪರವಾನಗಿ ಇಲ್ಲದವರನ್ನು ಕೆಲಸಕ್ಕಿಟ್ಟುಕೊಂಡರೆ ಮಾಲೀಕರಿಗೆ 2024ರಿಂದ ಒಂದು ಲಕ್ಷದಿಂದ ಹತ್ತು ಲಕ್ಷ ದಿರಂವರೆಗೆ ದಂಡವಿದೆ. ದಂಡ ಮಾಲೀಕರಿಗೆ ಇರಬಹುದು, ಭಯ ಮಾತ್ರ ಟೀಚರದ್ದು. ಇಲಾಖೆಯವರು ಪರಿಶೀಲನೆಗೆ ಬರುವ ದಿನ ಆಕೆಗೆ "ಇವತ್ತು ರೂಮಿನಲ್ಲೇ ಇರಿ" ಎಂದು ಫೋನು ಬರುತ್ತದೆ. ಸಂಬಳ ತಡವಾದರೆ ದೂರು ಕೊಡಲು ಧೈರ್ಯ ಬರುವುದಿಲ್ಲ, ಯಾಕೆಂದರೆ ದಾಖಲೆಯಲ್ಲಿ ಆಕೆ ಅಲ್ಲಿ ಕೆಲಸ ಮಾಡುತ್ತಲೇ ಇಲ್ಲ. ವೀಸಾ ಅವಧಿ ಮುಗಿದು ಉಳಿದರೆ ದಿನಕ್ಕೆ 50 ದಿರಂನಂತೆ ದಂಡ ಬೆಳೆಯುತ್ತಾ ಹೋಗುತ್ತದೆ.

ಆಮೇಲೆ ಸಂಬಳ. ಕೈಗೆ ಕೊಟ್ಟ ಆಫರ್ ಲೆಟರಿನಲ್ಲಿ ಒಂದು ಮೊತ್ತ, ಕಾರ್ಮಿಕ ಸಚಿವಾಲಯದಲ್ಲಿ ನೋಂದಣಿಯಾದ ಒಪ್ಪಂದದಲ್ಲಿ ಇನ್ನೊಂದು. ತಕರಾರು ಬಂದಾಗ ನಿಲ್ಲುವುದು ಎರಡನೆಯದು. ಅರಬ್ಬಿ ಮತ್ತು ಇಂಗ್ಲಿಷ್ ಎರಡರಲ್ಲೂ ಇದ್ದರೆ ನ್ಯಾಯಾಲಯ ನೋಡುವುದು ಅರಬ್ಬಿಯದನ್ನು. ಒಟ್ಟು ಸಂಬಳ ದೊಡ್ಡದಾಗಿ ಕಂಡರೂ ಮೂಲ ವೇತನವನ್ನು ಸಣ್ಣದಾಗಿ ಬರೆದು, ಉಳಿದದ್ದನ್ನು ಭತ್ಯೆ ಎಂದು ತೋರಿಸುತ್ತಾರೆ. ಇದರ ಏಟು ಗೊತ್ತಾಗುವುದು ಕೆಲಸ ಬಿಡುವ ದಿನ. ಯುಎಇಯಲ್ಲಿ ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನದ ವೇತನದ ಲೆಕ್ಕದಲ್ಲಿ ಗ್ರಾಚ್ಯುಟಿ ಬರುತ್ತದೆ, ಅದೂ ಮೂಲ ವೇತನದ ಮೇಲೆ ಮಾತ್ರ. ಕಾಗದದ ಮೇಲೆ ಮೂಲ ವೇತನ ಸಣ್ಣದಾದರೆ ವರ್ಷಗಟ್ಟಲೆ ದುಡಿದವರ ಕೈಗೆ ಬರುವುದೂ ಅಷ್ಟೇ.

ಸಂಬಳ ಬ್ಯಾಂಕಿನ ಮೂಲಕವೇ ಹೋಗಬೇಕು ಎಂದು ಯುಎಇ 2009ರಲ್ಲೇ ವೇತನ ಸಂರಕ್ಷಣಾ ವ್ಯವಸ್ಥೆ ತಂದಿದೆ. ಒಳ್ಳೆಯ ನಿಯಮ. ಅದನ್ನೂ ದಾಟುವವರಿದ್ದಾರೆ. ಖಾತೆಗೆ ಪೂರ್ತಿ ಹಣ ಬರುತ್ತದೆ. ಮರುದಿನ ಒಂದು ಭಾಗವನ್ನು ನಗದಾಗಿ ಆಫೀಸಿಗೆ ತಂದುಕೊಡಬೇಕು. ಕೆಲವು ಕಡೆ ಎಟಿಎಂ ಕಾರ್ಡನ್ನೇ ಆಫೀಸಿನಲ್ಲಿ ಇಟ್ಟುಕೊಳ್ಳುತ್ತಾರೆ. ಸರ್ಕಾರದ ದಾಖಲೆ ನೋಡಿದರೆ ಎಲ್ಲ ಸರಿ. ನನ್ನ ಜೊತೆ ಪಾಠ ಮಾಡಿದ ಒಬ್ಬರು ಇದಕ್ಕೆ ಒಪ್ಪಲಿಲ್ಲ. ಜುಲೈ, ಆಗಸ್ಟ್ ರಜೆಗೆ ಊರಿಗೆ ಹೋಗಿದ್ದಾಗ ಅವರ ವೀಸಾ ರದ್ದು ಮಾಡಿ, ಎರಡು ತಿಂಗಳ ರಜೆಯ ಸಂಬಳವನ್ನೂ ಉಳಿಸಿಕೊಂಡರು. ಅವರ ಸಾಮಾನು ಇನ್ನೂ ರೂಮಿನಲ್ಲೇ ಇತ್ತು. ಕಟ್ಟಿ ಕಳಿಸಿದ್ದು ನಾವು.

ಗಂಡನ ವೀಸಾದಲ್ಲಿ ಇರುವ ಹೆಂಗಸರ ಕಥೆ ಬೇರೆ. ಅವರಿಗೆ ಶಾಲೆ ವಸತಿ ಕೊಡಬೇಕಿಲ್ಲ, ಟಿಕೆಟ್ ಕೊಡಬೇಕಿಲ್ಲ. ಹಾಗಾಗಿ ಅದೇ ತರಗತಿಗೆ, ಅದೇ ಪಾಠಕ್ಕೆ ಅರ್ಧ ಸಂಬಳ. "ಮನೆಯಲ್ಲಿ ಸುಮ್ನೆ ಕೂರುವುದಕ್ಕಿಂತ ವಾಸಿ ಅಲ್ವಾ" ಎಂದು ಮುಖ್ಯೋಪಾಧ್ಯಾಯರೇ ಹೇಳಿದ್ದನ್ನು ಕೇಳಿದ್ದೇನೆ. ಎಂ.ಎಸ್ಸಿ. ಓದಿ ವಾರಕ್ಕೆ ಮೂವತ್ತು ಪೀರಿಯಡ್ ತೆಗೆದುಕೊಳ್ಳುವವರಿಗೆ ಹೇಳುವ ಮಾತಾ ಇದು?

ಪಾಸ್‌ಪೋರ್ಟ್ ಇಟ್ಟುಕೊಳ್ಳುವುದಂತೂ ಎಷ್ಟು ಮಾಮೂಲಿಯಾಗಿದೆ ಅಂದರೆ, ಕೊಡಿ ಅಂದಾಗ ಯಾಕೆ ಅಂತ ಕೇಳುವವರೇ ಕಡಿಮೆ. ಯುಎಇಯ 2021ರ ಕಾರ್ಮಿಕ ಕಾನೂನು ನೌಕರರ ದಾಖಲೆ ಇಟ್ಟುಕೊಳ್ಳಬಾರದು ಎಂದು ಸ್ಪಷ್ಟವಾಗಿ ಹೇಳುತ್ತದೆ. ನೇಮಕಾತಿಯ ಖರ್ಚನ್ನು ನೌಕರರಿಂದ ವಸೂಲಿ ಮಾಡಬಾರದು, ಪ್ರೊಬೇಷನ್ ಆರು ತಿಂಗಳು ಮೀರಬಾರದು ಎಂದೂ ಹೇಳುತ್ತದೆ. ಕಾನೂನು ಇದೆ. ಕಾನೂನು ಗೊತ್ತಿದ್ದರೆ ತಾನೇ ಕೇಳುವುದು? ಪಾಸ್‌ಪೋರ್ಟಿಗಿಂತ ನನಗೆ ಹೆಚ್ಚು ಸಂಕಟ ಕೊಡುವುದು ಅಸಲು ಅಂಕಪಟ್ಟಿಗಳು. ಫೈಲಿಗೆ ಬೇಕು ಎಂದು ಎಸ್ಸೆಸ್ಸೆಲ್ಸಿಯಿಂದ ಬಿ.ಎಡ್.ವರೆಗಿನ ಅಸಲು ಪ್ರತಿಗಳನ್ನು ತೆಗೆದುಕೊಂಡು ಕಪಾಟಿನಲ್ಲಿ ಬೀಗ ಹಾಕುತ್ತಾರೆ. ಪಾಸ್‌ಪೋರ್ಟ್ ಹೋದರೆ ರಾಯಭಾರ ಕಚೇರಿಯಿಂದ ತುರ್ತು ಪ್ರಮಾಣಪತ್ರ ಪಡೆದು ಊರಿಗಾದರೂ ಬರಬಹುದು. ಅಂಕಪಟ್ಟಿ ಬಿಟ್ಟು ಬಂದವರು ಇಲ್ಲಿ ಬೇರೆ ಕೆಲಸಕ್ಕೂ ಅರ್ಜಿ ಹಾಕಲಾಗದೆ ವಿಶ್ವವಿದ್ಯಾಲಯದ ಕಿಟಕಿಗಳ ಮುಂದೆ ಅಲೆಯುತ್ತಾರೆ.

ಎದುರು ಮಾತಾಡಿದರೆ ಕೊನೆಯ ಅಸ್ತ್ರವೊಂದಿದೆ. ಕೆಲಸ ಬಿಟ್ಟು ಓಡಿಹೋಗಿದ್ದಾರೆ ಎಂದು ಮಾಲೀಕರು ದೂರು ದಾಖಲಿಸಬಹುದು. ಸೌದಿಯಲ್ಲಿ ಇದಕ್ಕೆ ಹುರೂಬ್ ಅನ್ನುತ್ತಾರೆ. ಒಮ್ಮೆ ಹುರೂಬ್ ಬಿದ್ದರೆ ಬೇರೆ ಕಡೆ ಕೆಲಸಕ್ಕೆ ಸೇರುವುದೂ ಕಷ್ಟ, ಊರಿಗೆ ಬರುವುದೂ ಕಷ್ಟ. ಪಕ್ಕದ ಕ್ಲಾಸಿನಲ್ಲಿ ಪಾಠ ಮಾಡುತ್ತಿದ್ದವರ ಮೇಲೆಯೇ ಓಡಿಹೋದ ದೂರು ಬಿದ್ದದ್ದನ್ನು ನಾನು ಕಂಡಿದ್ದೇನೆ.

ಏಜೆಂಟರ ಬಗ್ಗೆ ಹೆಚ್ಚು ಬರೆಯಬೇಕಿಲ್ಲ, ನಿಮಗೆ ಗೊತ್ತಿದೆ. ನೋಂದಾಯಿತ ಏಜೆಂಟ್ ತೆಗೆದುಕೊಳ್ಳಬಹುದಾದ ಗರಿಷ್ಠ ಸೇವಾ ಶುಲ್ಕ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ರಸೀದಿ ಕೊಡಲೇಬೇಕು. ನಮ್ಮ ಹುಡುಗಿಯರು ಎಷ್ಟು ಕೊಟ್ಟು ಬರುತ್ತಾರೆ ಎಂದು ಕೇಳಿ ನೋಡಿ. ಅದರ ಜೊತೆಗೆ, ಎರಡು ವರ್ಷ ಮುಗಿಸದೆ ವಾಪಸ್ ಬಂದರೆ ಇಷ್ಟು ದಂಡ ಕಟ್ಟುತ್ತೇವೆ ಎಂದು ಛಾಪಾ ಕಾಗದದ ಮೇಲೆ ಅಪ್ಪನ ಸಹಿಯನ್ನೂ ಹಾಕಿಸಿಕೊಂಡಿರುತ್ತಾರೆ. ಅಲ್ಲಿ ಏನೇ ಆದರೂ ಮಗಳು ಬಾಯಿ ಮುಚ್ಚಿಕೊಂಡು ಇರುವುದು ಆ ಸಹಿಯ ಹೆದರಿಕೆಗೆ.

ಮಗುವನ್ನು ಬಿಟ್ಟು ಹೋಗುವ ತಾಯಂದಿರಿಗೆ "ಆರು ತಿಂಗಳಲ್ಲಿ ಮಗುವನ್ನೂ ಕರೆಸಿಕೊಳ್ಳಬಹುದು" ಎಂದು ಆಸೆ ಹುಟ್ಟಿಸುತ್ತಾರೆ. ಯುಎಇಯಲ್ಲಿ ಕುಟುಂಬವನ್ನು ಕರೆಸಲು ಸಾಮಾನ್ಯವಾಗಿ ಕನಿಷ್ಠ 4,000 ದಿರಂ ಸಂಬಳ, ಇಲ್ಲವೇ 3,000 ದಿರಂ ಜೊತೆಗೆ ವಸತಿ ಇರಬೇಕು. ಎರಡೂವರೆ ಸಾವಿರ ದಿರಂಗೆ ಸಹಿ ಹಾಕಿದ ತಾಯಿ ಆ ಮಗುವನ್ನು ಹೇಗೆ ಕರೆಸಿಕೊಳ್ಳುತ್ತಾಳೆ? ಇದು ಸಂದರ್ಶನ ಮಾಡುವವರಿಗೆ ಗೊತ್ತಿರುತ್ತದೆ. ಗೊತ್ತಿದ್ದೂ ಹೇಳುವುದಿಲ್ಲ. ನನಗೆ ಎಲ್ಲಕ್ಕಿಂತ ಜಾಸ್ತಿ ಸಿಟ್ಟು ಬರುವುದು ಇದಕ್ಕೆ.

ಕೊಲ್ಲಿಯ ಮಾತು ಇಷ್ಟಾಯಿತು. ಮಾಲ್ಡೀವ್ಸ್ ಬಗ್ಗೆಯೂ ಹೇಳಬೇಕು, ಯಾಕೆಂದರೆ ಅಲ್ಲಿನ ದ್ವೀಪಗಳ ಶಾಲೆಗಳಲ್ಲಿ ಪಾಠ ಮಾಡುವ ಹೊರದೇಶದ ಟೀಚರುಗಳಲ್ಲಿ ಭಾರತದವರೇ ಹೆಚ್ಚು. ಅಲ್ಲಿನ ಸರ್ಕಾರಿ ಶಾಲೆಗಳಿಗೆ ಶಿಕ್ಷಣ ಸಚಿವಾಲಯವೇ ಅರ್ಜಿ ಕರೆಯುತ್ತದೆ. ನೇರವಾಗಿ ಅರ್ಜಿ ಹಾಕಬಹುದಾದ ಕೆಲಸಕ್ಕೆ ಇಲ್ಲಿ ಏಜೆಂಟರು ದುಡ್ಡು ಕೀಳುತ್ತಾರೆ. ಸಂಬಳ ಅಲ್ಲಿನ ರೂಫಿಯಾದಲ್ಲಿ. ದೇಶದಲ್ಲಿ ಡಾಲರ್ ಕೊರತೆ. ಹಾಗಾಗಿ ಭಾರತೀಯ ನೌಕರರು ಬ್ಯಾಂಕಿನ ಮೂಲಕ ತಿಂಗಳಿಗೆ ಊರಿಗೆ ಕಳಿಸಬಹುದಾದ ಹಣದ ಮಿತಿಯನ್ನು ಇತ್ತೀಚಿನ ವರ್ಷಗಳಲ್ಲಿ ಇಳಿಸುತ್ತಾ ಬಂದಿದ್ದಾರೆ. ಸಂಬಳ ಕೈಯಲ್ಲಿದ್ದರೂ ಊರಿನ ಸಾಲದ ಕಂತಿಗೆ ಕಳಿಸಲಾಗದ ಸ್ಥಿತಿ. ಉಳಿದ ಹಣವನ್ನು ಕಪ್ಪು ಮಾರುಕಟ್ಟೆಯಲ್ಲಿ ಡಾಲರ್ ಮಾಡಿಕೊಳ್ಳಲು ಹೋದರೆ ಅದರಲ್ಲಿ ಒಂದು ಪಾಲು ಅಲ್ಲೇ ಹೋಗುತ್ತದೆ. ಹೋಗುವ ಮೊದಲು ಈ ಲೆಕ್ಕ ಯಾರೂ ಹೇಳಿರುವುದಿಲ್ಲ. ಎಷ್ಟು ಸಂಬಳ ಎಂದು ಕೇಳುತ್ತಾರೆಯೇ ಹೊರತು ಎಷ್ಟು ಮನೆಗೆ ಕಳಿಸಬಹುದು ಎಂದು ಕೇಳುವುದು ತೋಚುವುದಿಲ್ಲ. ಮತ್ತೆ ಗಮನಿಸಿ: ಆ 18 ದೇಶಗಳ ಪಟ್ಟಿಯಲ್ಲಿ ಮಾಲ್ಡೀವ್ಸ್ ಇಲ್ಲ. ನಾಳೆ ಟೀಚರುಗಳಿಗೆ ನರ್ಸುಗಳ ಹಾಗೆ ರಕ್ಷಣೆ ಕೊಟ್ಟರೂ ಪಟ್ಟಿಯನ್ನು ಹಾಗೇ ಇಟ್ಟರೆ ಇವರು ಹೊರಗೇ ಉಳಿಯುತ್ತಾರೆ.

ಚೀನಾದ ಹೆಸರೂ ಈಗ ಕೇಳಿಬರುತ್ತದೆ. ಅಲ್ಲಿ ಇಂಗ್ಲಿಷ್ ಕಲಿಸಲು ಕೆಲಸದ ವೀಸಾ ಕೊಡುವಾಗ ಸಾಮಾನ್ಯವಾಗಿ ಅಮೆರಿಕ, ಬ್ರಿಟನ್, ಕೆನಡಾದಂಥ ಕೆಲವೇ ದೇಶಗಳ ಪಾಸ್‌ಪೋರ್ಟ್ ಕೇಳುತ್ತಾರೆ. ಭಾರತದವರಿಗೆ ವ್ಯಾಪಾರದ ವೀಸಾ ಅಥವಾ ವಿದ್ಯಾರ್ಥಿ ವೀಸಾ ಮಾಡಿಸಿ ಕಿಂಡರ್‌ಗಾರ್ಟನ್‌ನಲ್ಲಿ ನಿಲ್ಲಿಸುವವರು ಇದ್ದಾರೆ. ಸಿಕ್ಕಿಬಿದ್ದರೆ ಬಂಧನ, ದಂಡ, ಗಡೀಪಾರು. ಅದರ ಮೇಲೆ 2021ರ ಜುಲೈನಲ್ಲಿ ಚೀನಾ ಸರ್ಕಾರ ಖಾಸಗಿ ಟ್ಯೂಷನ್ ಉದ್ಯಮಕ್ಕೆ ಕಡಿವಾಣ ಹಾಕಿದಾಗ ದೊಡ್ಡ ದೊಡ್ಡ ಸಂಸ್ಥೆಗಳೇ ಮುಚ್ಚಿಹೋದವು.

ಇದು ಬಡ ದೇಶದವರಿಗೆ ಮಾತ್ರ ಆಗುವ ಕಷ್ಟ ಅಂತ ತಿಳಿಯಬೇಡಿ. ಜಪಾನಿನಲ್ಲಿ ನೋವಾ ಎಂಬ ಇಂಗ್ಲಿಷ್ ಶಾಲೆಗಳ ಸರಣಿ ಇತ್ತು. ಆ ದೇಶದಲ್ಲೇ ಅತಿ ದೊಡ್ಡದು. 2007ರ ಅಕ್ಟೋಬರ್‌ನಲ್ಲಿ ದಿವಾಳಿಯಾಯಿತು. ಸುಮಾರು 4,000 ವಿದೇಶಿ ಟೀಚರುಗಳು, ಹೆಚ್ಚಿನವರು ಇಂಗ್ಲಿಷ್ ಮಾತಾಡುವ ಶ್ರೀಮಂತ ದೇಶಗಳವರು, ಸಂಬಳವಿಲ್ಲದೆ ನಿಂತರು. ಮನೆ ಬಾಡಿಗೆಯನ್ನು ಅವರ ಸಂಬಳದಿಂದ ಹಿಡಿದುಕೊಂಡಿದ್ದ ಕಂಪನಿ ಅದನ್ನು ಮನೆ ಮಾಲೀಕರಿಗೆ ಕಟ್ಟಿರಲಿಲ್ಲ. ಹಾಗಾಗಿ ಮನೆ ಖಾಲಿ ಮಾಡಿ ಎನ್ನುವ ನೋಟಿಸೂ ಬಂತು. ಕಾರ್ಮಿಕ ಸಂಘದವರು ಊಟಕ್ಕೆ ಬದಲಾಗಿ ಪಾಠ ಮಾಡುವ ಏರ್ಪಾಟು ಮಾಡಬೇಕಾಯಿತು. ಕೆಲಸ, ವೀಸಾ, ಮನೆ ಮೂರೂ ಒಬ್ಬರದೇ ಕೈಯಲ್ಲಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಡ. ಆದರೂ ಅವರಿಗೆ ಸಂಘ ಇತ್ತು, ಪತ್ರಿಕೆಗಳು ಬರೆದವು, ರಾಯಭಾರ ಕಚೇರಿಗಳು ಓಡಾಡಿದವು. ನಮ್ಮ ಹಾವೇರಿಯ, ಸುಳ್ಯದ, ಭಟ್ಕಳದ ಹುಡುಗಿ ಒಬ್ಬಳೇ ಇರುತ್ತಾಳೆ.

ಈಗ ನಿಮ್ಮಿಂದ ಏನು ಬೇಕು ಎಂದು ಹೇಳುತ್ತೇನೆ.

ಕರ್ನಾಟಕದ ಕೌಶಲ್ಯಾಭಿವೃದ್ಧಿ ಇಲಾಖೆಯಡಿ ಅಂತರರಾಷ್ಟ್ರೀಯ ವಲಸೆ ಕೇಂದ್ರ ಇದೆ. ಹೊರದೇಶದ ಕೆಲಸಗಳಿಗೆ ಜನರನ್ನು ಕಳಿಸುವ ಸರ್ಕಾರಿ ಕೇಂದ್ರ ಅದು. ಟೀಚರುಗಳಿಗಾಗಿ ಅಲ್ಲಿ ಒಂದು ಮೇಜು ತೆರೆಯಿರಿ. ಯಾವ ಊರಿನ ಟೀಚರ್ ಆಗಲಿ ತನ್ನ ಆಫರ್ ಲೆಟರನ್ನು ಕಳಿಸಿದರೆ, ಅಲ್ಲಿ ಕೂತವರು ಓದಿ ನಾಲ್ಕು ದಿನದಲ್ಲಿ ಉತ್ತರ ಕೊಡಬೇಕು. ಶಾಲೆಗೆ ಪರವಾನಗಿ ಇದೆಯೇ, ಏಜೆಂಟ್ ನೋಂದಾಯಿತರೇ, ವೀಸಾ ಯಾವುದು, ಮೂಲ ವೇತನ ಎಷ್ಟು, ರಜೆಯ ಸಂಬಳ ಉಂಟೇ. ಇದಕ್ಕೆ ದೊಡ್ಡ ಖರ್ಚಿಲ್ಲ. ಸಿಬಿಎಸ್‌ಇ ಮಾನ್ಯತೆ ಪಡೆದ ವಿದೇಶಿ ಶಾಲೆಗಳ ವಿವರ ಮಂಡಳಿಯ ಜಾಲತಾಣದಲ್ಲೇ ಸಿಗುತ್ತದೆ. ದುಬೈ ಶಾಲೆಗಳ ಪರಿಶೀಲನಾ ವರದಿಗಳನ್ನು ಅಲ್ಲಿನ ಶಿಕ್ಷಣ ಪ್ರಾಧಿಕಾರ ಕೆಎಚ್‌ಡಿಎ ಎಲ್ಲರಿಗೂ ಕಾಣುವಂತೆ ಪ್ರಕಟಿಸಿದೆ. ನೋಂದಾಯಿತ ಏಜೆಂಟರ ಪಟ್ಟಿ ಇ-ಮೈಗ್ರೇಟ್‌ನಲ್ಲಿದೆ. ಮಾಹಿತಿ ಎಲ್ಲ ಇದೆ, ಬೇರೆ ಬೇರೆ ಕಡೆ ಇಂಗ್ಲಿಷಿನಲ್ಲಿ ಬಿದ್ದುಕೊಂಡಿದೆ. ಒಂದು ಕಡೆ ಕನ್ನಡದಲ್ಲಿ ಹೇಳುವವರು ಬೇಕು.

ಶಿಕ್ಷಣ ಇಲಾಖೆಯವರಲ್ಲಿ ನನ್ನ ಕೋರಿಕೆ ಇನ್ನೂ ಸಣ್ಣದು. ಬಿ.ಎಡ್. ಕಾಲೇಜಿನ ಕೊನೆಯ ಸೆಮಿಸ್ಟರಿನಲ್ಲಿ ಒಂದು ದಿನ ಈ ವಿಷಯಕ್ಕೆ ಕೊಡಿ. ಮಕ್ಕಳ ಮನೋವಿಜ್ಞಾನ ಕಲಿಸುತ್ತೀರಿ, ಪಾಠ ಯೋಜನೆ ಬರೆಸುತ್ತೀರಿ. ಸಂಬಳದ ಒಪ್ಪಂದ ಓದುವುದು ಹೇಗೆ ಎಂದು ಯಾರೂ ಕಲಿಸುವುದಿಲ್ಲ. ಅಲ್ಲಿ ಇದ್ದು ಬಂದ ಟೀಚರುಗಳು ಪ್ರತಿ ಜಿಲ್ಲೆಯಲ್ಲೂ ಇದ್ದೇವೆ. ಕರೆದರೆ ಬಂದು ಮಾತಾಡುತ್ತೇವೆ, ಬಸ್ ಚಾರ್ಜೂ ಕೇಳುವುದಿಲ್ಲ.

ಅನಿವಾಸಿ ಭಾರತೀಯ ಸಮಿತಿಯವರಿಗೆ: ದುಬೈ, ಮಸ್ಕತ್, ಕತಾರ್, ಕುವೈತ್, ಬಹರೇನ್‌ನಲ್ಲಿ ಕನ್ನಡ ಸಂಘಗಳಿವೆ, ತುಳು ಕೂಟಗಳಿವೆ. ರಾಜ್ಯೋತ್ಸವಕ್ಕೆ ಅವರನ್ನು ಮಾತಾಡಿಸುತ್ತೀರಿ. ಯಾವ ಶಾಲೆ ಸಂಬಳ ತಡ ಮಾಡುತ್ತದೆ, ಯಾವ ಶಾಲೆಯಿಂದ ಪ್ರತಿ ವರ್ಷ ಅರ್ಧ ಟೀಚರುಗಳು ಬಿಟ್ಟು ಹೋಗುತ್ತಾರೆ ಎನ್ನುವುದು ಅವರಿಗೆ ಬಾಯಿಪಾಠ. ಹೊಸಬರು ಹೋಗುವ ಮೊದಲು ಆ ಊರಿನ ಒಬ್ಬ ಕನ್ನಡಿಗರ ಜೊತೆ ಫೋನಿನಲ್ಲಿ ಮಾತಾಡುವ ಏರ್ಪಾಟು ಮಾಡಿಕೊಡಿ. ಅರ್ಧ ಗಂಟೆಯ ಆ ಮಾತು ಯಾವ ದಾಖಲೆ ಪರಿಶೀಲನೆಗೂ ಕಡಿಮೆಯಲ್ಲ.

ಇನ್ನು ದೊಡ್ಡ ಕೆಲಸ. 1983ರ ಕಾಯ್ದೆಯ ಬದಲಿಗೆ ಹೊಸ ಕಾನೂನು ತರಲು ಕೇಂದ್ರ ಸರ್ಕಾರ 2021ರಲ್ಲಿ ಒಂದು ಕರಡು, 2025ರಲ್ಲಿ ಇನ್ನೊಂದು ಕರಡು ಪ್ರಕಟಿಸಿತು. ಈ ಕಾನೂನಿನಲ್ಲಿ ಟೀಚರುಗಳೂ ಸೇರಬೇಕು ಎಂದು ಕರ್ನಾಟಕ ಸರ್ಕಾರ ಬರೆದು ತಿಳಿಸಬೇಕು. ವಿಮಾನ ನಿಲ್ದಾಣದಲ್ಲಿ ತಡೆಯುವ ನಿಯಮ ಬೇಡ. ಶಾಲೆಯ ಮೇಲೆ ಹೊಣೆ ಹಾಕುವ ನಿಯಮ ಬೇಕು. ಭಾರತದಿಂದ ಟೀಚರುಗಳನ್ನು ಕರೆಸುವ ಶಾಲೆ ಇ-ಮೈಗ್ರೇಟ್‌ನಲ್ಲಿ ಮೊದಲು ಹೆಸರು ನೋಂದಾಯಿಸಬೇಕು, ಸಹಿಯಾದ ಒಪ್ಪಂದವನ್ನು ಅಲ್ಲಿ ಹಾಕಬೇಕು. 10 ಲಕ್ಷದ ಆ ವಿಮೆ ಟೀಚರಿಗೂ ಇರಬೇಕು. ದೇಶಗಳ ಪಟ್ಟಿಗೆ ಮಾಲ್ಡೀವ್ಸ್ ಸೇರಬೇಕು.

ಕಾನೂನು ಬರುವ ತನಕ ಹೊರಡುವ ಟೀಚರುಗಳಿಗೆ ನಾನು ಹೇಳುವುದು ಇಷ್ಟು. ವಿಸಿಟ್ ವೀಸಾದಲ್ಲಿ ಕೆಲಸಕ್ಕೆ ಹೋಗಬೇಡಿ, ಯಾರು ಎಷ್ಟೇ ಭರವಸೆ ಕೊಟ್ಟರೂ. ಈಗಲೂ ಇ-ಮೈಗ್ರೇಟ್‌ನಲ್ಲಿ ನೀವಾಗಿಯೇ ನೋಂದಾಯಿಸಿಕೊಳ್ಳಬಹುದು, ಮಾಡಿಕೊಳ್ಳಿ. ಅಸಲು ಅಂಕಪಟ್ಟಿಗಳನ್ನು ತೋರಿಸಿ, ಕೈಬಿಡಬೇಡಿ. ಅದೇ ಶಾಲೆಯಲ್ಲಿ ಈಗ ಪಾಠ ಮಾಡುತ್ತಿರುವ ಒಬ್ಬರ ನಂಬರ್ ಕೇಳಿ. ಕೊಡದಿದ್ದರೆ ಅದೇ ಉತ್ತರ ಎಂದು ತಿಳಿಯಿರಿ. ಕೆಲಸ ಬಿಟ್ಟು ಹೋದವರು ಸಿಕ್ಕಿದರೆ ಇನ್ನೂ ಒಳ್ಳೆಯದು. ಕಷ್ಟಕ್ಕೆ ಸಿಕ್ಕಿಹಾಕಿಕೊಂಡರೆ ವಿದೇಶಾಂಗ ಸಚಿವಾಲಯದ ಮದದ್ ಜಾಲತಾಣದಲ್ಲಿ ದೂರು ದಾಖಲಿಸಿ. ಪ್ರತಿ ರಾಯಭಾರ ಕಚೇರಿಯಲ್ಲೂ ಸಂಕಷ್ಟದಲ್ಲಿರುವ ಭಾರತೀಯರಿಗೆ ಊಟ, ವಸತಿ, ಟಿಕೆಟ್ ಕೊಡಲು ಸಮುದಾಯ ಕಲ್ಯಾಣ ನಿಧಿ ಇದೆ. ಅದು ಭಿಕ್ಷೆಯಲ್ಲ, ನಿಮಗಾಗಿಯೇ ಇಟ್ಟ ಹಣ. ಕೇಳಲು ಸಂಕೋಚ ಬೇಡ. ವಾಪಸ್ ಬಂದರೆ ಊರಲ್ಲಿ ಏನಂತಾರೋ ಎಂದು ಹೆದರಬೇಡಿ. ಮನೆಯವರಿಗೂ ಒಂದು ಮಾತು: ಮಗಳು ಫೋನಿನಲ್ಲಿ "ಬಂದುಬಿಡ್ತೇನೆ" ಅಂದರೆ, ಸಾಲದ ಲೆಕ್ಕ ಹೇಳುವ ಮೊದಲು ಏನಾಯಿತು ಎಂದು ಕೇಳಿ.

ಮಾನ್ಯರೇ, ಮುಂದಿನ ಸಂದರ್ಶನಗಳು ಮತ್ತೆ ಡಿಸೆಂಬರ್‌ನಲ್ಲಿ ಶುರುವಾಗುತ್ತವೆ. ವಲಸೆ ಕೇಂದ್ರದ ಆ ಒಂದು ಮೇಜು ಅಷ್ಟರೊಳಗೆ ತೆರೆಯಲು ಸಾಧ್ಯವಿದೆ. ಅದಕ್ಕೆ ಹೊಸ ಕಾನೂನು ಬೇಕಿಲ್ಲ, ನಿಮ್ಮ ಒಂದು ಆದೇಶ ಸಾಕು. ಆದೇಶ ಹೊರಡಿಸುತ್ತೀರೋ ಇಲ್ಲವೋ ಎಂಬುದನ್ನು ದಯವಿಟ್ಟು ಸಾರ್ವಜನಿಕವಾಗಿಯೇ ತಿಳಿಸಿ.

ಇಂತಿ,
ಕರಾವಳಿಯ ಒಬ್ಬ ನಿವೃತ್ತ ಶಿಕ್ಷಕಿ